ಬಾವುಟಕ್ಕೆ ಹಸಿರು ಸಿಕ್ಕ ಕತೆ

ಅಮರ್ಜಾ ನದಿ ಆಳಂದ ತಾಲ್ಲೂಕಿನ ಹೊಲಗಳ ನಡುವೆ ಹರಿದು ಬಂದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಕೂಡುತ್ತದೆ. ಕೂಡಿದ ನೀರು ಮುಂದೆ ಜೇವರ್ಗಿ ಸೀಮೆಯ ದಾರಿ ಹಿಡಿಯುತ್ತದೆ. ಈ ನೀರಿನ ಗುಂಟ ನಡೆದರೆ ಬಾವುಟಗಳ ಬಣ್ಣ ಬದಲಾಗುವುದು ಕಾಣುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಹಸಿರು, ಗಾಣಗಾಪುರದಲ್ಲಿ ದತ್ತಭಕ್ತರ ಭಗವಾ. ಹಾಗೆಂದು ಹಸಿರು ದರ್ಗಾದ ಅಂಗಳದಲ್ಲೇ ನಿಂತುಬಿಟ್ಟ ಬಣ್ಣವಲ್ಲ. ಈ ಮೂರೂ ತಾಲ್ಲೂಕುಗಳಲ್ಲಿ ಬಸುರಿ ಹೆಣ್ಣುಮಗಳಿಗೆ ಕುಬಸ ಮಾಡುವಾಗ ಉಡಿಸುವ ಸೀರೆ ಹಸಿರು, ಬಳಿಗಾರನಿಂದ ತೊಡಿಸುವ ಬಳೆ ಹಸಿರು. ಊರ ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ನಡೆದುಕೊಳ್ಳುವವರಲ್ಲಿ ಲಿಂಗಾಯತರು, ಕುರುಬರು, ಕಬ್ಬಲಿಗರು ಎಲ್ಲರೂ ಇರುತ್ತಾರೆ. ಎಳ್ಳ ಅಮಾಸಿಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಕಾಲ ಕೆಳಗೆ ಕರಿಮಣ್ಣು, ಸುತ್ತ ಎದೆಯೆತ್ತರದ ಜೋಳ.

ಇಷ್ಟು ಹಸಿರಿನ ನಡುವೆ ಬಾಳಿದ ಜನಕ್ಕೆ ಆ ಬಣ್ಣ ಬಟ್ಟೆಯ ಮೇಲೆ ಮಾತ್ರ ಸಾವಿರಾರು ವರ್ಷ ಸರಿಯಾಗಿ ಸಿಕ್ಕಿರಲಿಲ್ಲ. ನಮಗಷ್ಟೇ ಅಲ್ಲ, ಜಗತ್ತಿನ ಯಾವ ಸೀಮೆಗೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1920ರಲ್ಲಿ. ಮರುವರ್ಷವೇ, 1921ರಲ್ಲಿ, ನಮ್ಮ ದೇಶದ ಬಾವುಟದ ಮಾತು ಶುರುವಾಯಿತು. ಬಾವುಟದಲ್ಲಿ ಹಸಿರು ಇರಬೇಕೇ, ಇದ್ದರೆ ಅದರ ಅರ್ಥವೇನು ಎಂಬುದು ಇತ್ಯರ್ಥವಾಗಲು ಮತ್ತೆ 26 ವರ್ಷ ಹಿಡಿಯಿತು. ಒಂದು ಬಣ್ಣವನ್ನು ಕಂಡುಹಿಡಿಯುವುದೆಂದರೆ ಎರಡು ಕೆಲಸ: ಅದನ್ನು ನೂಲಿಗೆ ಹತ್ತಿಸುವುದು, ಆಮೇಲೆ ಅದಕ್ಕೊಂದು ಅರ್ಥ ಹತ್ತಿಸುವುದು. ನಮ್ಮ ಬಾವುಟದ ಹಸಿರಿಗೆ ಎರಡೂ ಸುಲಭವಾಗಿ ಆಗಲಿಲ್ಲ.

ಮೊದಲು ನೂಲಿನ ಮಾತು. ಹತ್ತಿ ಬಟ್ಟೆಗೆ ನಿಲ್ಲುವ ಹಸಿರು ಬಣ್ಣ ಕೊಡುವ ಗಿಡ ಬಹಳ ಅಪರೂಪ. ಎಲೆಯಲ್ಲಿರುವ ಹಸಿರು ನೂಲಿಗೆ ಅಂಟುವುದಿಲ್ಲ, ಅಂಟಿದಂತೆ ಕಂಡರೂ ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ನಮ್ಮ ಬಣ್ಣಗಾರರು ಬಟ್ಟೆಯನ್ನು ಎರಡು ಸಲ ಅದ್ದುತ್ತಿದ್ದರು. ಮೊದಲು ನೀಲಿಯ ಬಾನಿಯಲ್ಲಿ, ಆಮೇಲೆ ಅರಿಸಿನದಲ್ಲೋ ದಾಳಿಂಬೆ ಸಿಪ್ಪೆಯ ಕಷಾಯದಲ್ಲೋ. ನೀಲಿಯ ಮೇಲೆ ಹಳದಿ ಕೂತರೆ ಕಣ್ಣಿಗೆ ಹಸಿರು. ನೀಲಿ ಗಟ್ಟಿ, ತಲೆಮಾರು ಬಾಳುತ್ತದೆ. ಅರಿಸಿನಕ್ಕೆ ಆಯುಸ್ಸಿಲ್ಲ. ನಾಲ್ಕು ಒಗೆತ, ಒಂದು ಬೇಸಿಗೆ, ಅಷ್ಟರಲ್ಲಿ ಹಳದಿ ಹೋಗಿ ಹಸಿರು ಸೀರೆ ನೀಲಿ ಸೀರೆಯಾಗಿರುತ್ತಿತ್ತು. ಯುರೋಪಿನ ಅರಮನೆಗಳಲ್ಲಿ ಗೋಡೆಗೆ ತೂಗುಬಿಟ್ಟ ಹಳೆಯ ಚಿತ್ರನೇಯ್ಗೆಗಳಲ್ಲಿ ಗಿಡಮರಗಳ ಎಲೆಗಳು ಇಂದು ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ನೇಯ್ದ ದಿನ ಅವು ಹಸಿರೇ ಇದ್ದವು.

ನೀಲಿಯ ಬಾನಿಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಬಾನಿಯಿಂದ ಬಟ್ಟೆಯನ್ನು ಮೇಲೆತ್ತಿದ ಗಳಿಗೆಯಲ್ಲಿ ಅದು ಹಳದಿ ಬೆರೆತ ಹಸಿರಾಗಿರುತ್ತದೆ. ಗಾಳಿ ತಾಕುತ್ತಿದ್ದಂತೆ ನಮ್ಮ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ನೀಲಿ ನೀರಿನಲ್ಲಿ ಕರಗುವ ವಸ್ತುವಲ್ಲ. ಬಾನಿಯಲ್ಲಿ ಹುಳಿಯೆದ್ದ ಕ್ಷಾರದಲ್ಲಿ ಅದರ ರೂಪ ಬದಲಾಗಿ ಕರಗುತ್ತದೆ, ನೂಲಿನೊಳಕ್ಕೆ ಇಳಿಯುತ್ತದೆ, ಗಾಳಿಯ ಆಮ್ಲಜನಕ ತಗಲಿದೊಡನೆ ಮತ್ತೆ ಕರಗದ ನೀಲಿಯಾಗಿ ನೂಲಿನೊಳಗೇ ಸಿಕ್ಕಿಬೀಳುತ್ತದೆ. ಅದಕ್ಕೇ ಅದು ಪಕ್ಕಾ ಬಣ್ಣ. ಹಸಿರು ಆ ಬಾನಿಯ ಬಾಯಲ್ಲಿ ಕ್ಷಣಕಾಲ ಮುಖ ತೋರಿಸಿ ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ.

ಲಾಂಛನಶಾಸ್ತ್ರಕ್ಕೂ ಈ ಕಷ್ಟ ತಪ್ಪಲಿಲ್ಲ. ಯುರೋಪಿನಲ್ಲಿ 12ನೇ ಶತಮಾನದ ಹೊತ್ತಿಗೆ ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟ ಸವಾರರನ್ನು ದೂರದಿಂದ ಗುರುತಿಸಲು ಗುರಾಣಿಯ ಮೇಲೆ ಬಣ್ಣ, ಚಿಹ್ನೆ ಬರೆಯುವ ಪದ್ಧತಿ ಬೆಳೆಯಿತು. ಚಿನ್ನ, ಬೆಳ್ಳಿ ಎಂಬ ಎರಡು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ಊದಾ ಎಂಬ ಬಣ್ಣಗಳು. ಚಿನ್ನಕ್ಕೆ ಬದಲು ಹಳದಿ, ಬೆಳ್ಳಿಗೆ ಬದಲು ಬಿಳಿ ನಡೆಯುತ್ತಿತ್ತು. ಇವುಗಳಿಗೆ ಒಂದೇ ಒಂದು ಕಟ್ಟುನಿಟ್ಟು: ಬಣ್ಣದ ಮೇಲೆ ಬಣ್ಣ ಕೂಡದು, ಲೋಹದ ಮೇಲೆ ಲೋಹ ಕೂಡದು. ಎರಡು ಗಾಢ ಬಣ್ಣಗಳು ಮೈಗೆ ಮೈ ತಾಗಿಸಿ ನಿಂತರೆ ದೂರದಿಂದ ಬೇರೆಬೇರೆಯಾಗಿ ಕಾಣುವುದಿಲ್ಲ, ನಡುವೆ ಬಿಳಿಯೋ ಹಳದಿಯೋ ಇರಬೇಕು. ಯುದ್ಧದ ಧೂಳಿನಲ್ಲಿ ಹುಟ್ಟಿದ ನಿಯಮ ಇದು, ಇಂದು ರಸ್ತೆ ಬದಿಯ ಸೂಚನಾ ಫಲಕಗಳಲ್ಲೂ ನಡೆಯುತ್ತಿದೆ. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ನಮ್ಮ ಬಾವುಟದ ಕತೆಗೆ ಅದು ಮತ್ತೆ ಬೇಕಾಗುತ್ತದೆ.

ಆ ಗುರಾಣಿಗಳ ಲೋಕದಲ್ಲಿ ಹಸಿರು ಅಪರೂಪ. ಕೆಂಪು ಎಲ್ಲೆಲ್ಲೂ, ನೀಲಿ ಬರಬರುತ್ತ ಹೆಚ್ಚು, ಹಸಿರು ಹುಡುಕಿದರೆ ಮಾತ್ರ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಬಣ್ಣ ಕಾಲ ಕಳೆದಂತೆ ಕಂದಾಗುತ್ತಿತ್ತು, ಚರ್ಮದ ಹಾಳೆಯನ್ನೇ ತಿಂದುಹಾಕುತ್ತಿತ್ತು. ಬಟ್ಟೆಯ ಹಸಿರಿನ ಗತಿ ಮೇಲೆ ಹೇಳಿದಂತೆಯೇ. ಇನ್ನೂ ಒಂದು ತೊಡಕಿತ್ತು: ಹಲವು ಪಟ್ಟಣಗಳಲ್ಲಿ ನೀಲಿ ಅದ್ದುವ ಕಸುಬಿನವರು ಬೇರೆ, ಕೆಂಪು ಹಳದಿ ಅದ್ದುವವರು ಬೇರೆ. ಒಬ್ಬರ ಬಾನಿಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಎರಡೂ ಬಾನಿ ಬೇಕಾಗುವ ಹಸಿರು ಅವರಿಬ್ಬರ ನಡುವೆ ಅನಾಥ. ಹಸಿರೆಂದರೆ ಭರವಸೆ, ಯೌವನ, ಪ್ರೀತಿಯಲ್ಲಿ ನಿಷ್ಠೆ ಎಂದು ನಂತರದ ಗ್ರಂಥಕಾರರು ಉದ್ದುದ್ದ ಬರೆದರು. ಗುರಾಣಿಗೆ ಮೊದಲು ಹಸಿರು ಬಳಿದ ಸವಾರನ ಮನಸ್ಸಿನಲ್ಲಿ ಇದೆಲ್ಲ ಇತ್ತೆಂದು ನನಗನ್ನಿಸುವುದಿಲ್ಲ. ಅರ್ಥಗಳು ಬಣ್ಣದ ಬೆನ್ನು ಹತ್ತಿ ಬರುತ್ತವೆ.

ಇದೇ ಲಾಂಛನದವರು ಮಾಡಿದ ಒಂದು ಜಾಣತನ ಇಲ್ಲಿ ಹೇಳಲೇಬೇಕು. ಅಚ್ಚಿನ ಯಂತ್ರ ಬಂದಮೇಲೆ ಕಪ್ಪು ಮಸಿಯೊಂದರಲ್ಲೇ ಬಣ್ಣ ತೋರಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಸಿಲ್ವೆಸ್ಟರ್ ಪೆತ್ರಾ ಸಾಂಕ್ತಾ ಎಂಬ ಇಟಲಿಯ ಜೆಸುಯಿಟ್ ಪಾದ್ರಿ 1638ರ ತನ್ನ ಗ್ರಂಥದಲ್ಲಿ ಗೆರೆಗಳ ಲಿಪಿಯೊಂದನ್ನು ಬಳಸಿದ. ನಿಂತ ಗೆರೆ ಎಂದರೆ ಕೆಂಪು, ಅಡ್ಡ ಗೆರೆ ಎಂದರೆ ನೀಲಿ. ನೋಡುವವರ ಎಡಮೇಲಿನಿಂದ ಬಲಕೆಳಕ್ಕೆ ಇಳಿಯುವ ಓರೆಗೆರೆ ಎಂದರೆ ಹಸಿರು. ಮಸಿ ಹಸಿರಾಗಿರದಿದ್ದರೂ ಹಸಿರನ್ನು ತಪ್ಪಿಲ್ಲದೆ ದಾಟಿಸಬಹುದೆಂದು ಅದು ತೋರಿಸಿಕೊಟ್ಟಿತು. ಬಾಳದ ಬಣ್ಣವನ್ನು ಗುರುತಾಗಿ ಬಾಳಿಸುವ ದಾರಿ ಅದು.

ಇಸ್ಲಾಮೀ ಲೋಕದಲ್ಲಿ ಹಸಿರಿಗೆ ಇದ್ದ ಗೌರವ ಬೇರೆಯದು. ಸ್ವರ್ಗವಾಸಿಗಳ ಉಡುಪು ಹಸಿರು ರೇಷ್ಮೆಯದೆಂದು ಕುರಾನಿನಲ್ಲಿದೆ. ಈಜಿಪ್ಟಿನ ಮಮ್ಲೂಕ್ ಸುಲ್ತಾನ ಶಾಬಾನ್ 1371–72ರ ಸುಮಾರಿಗೆ ಪ್ರವಾದಿಯ ವಂಶದವರು ಪೇಟದಲ್ಲಿ ಹಸಿರು ಗುರುತು ಧರಿಸಬೇಕೆಂದು ಆಜ್ಞೆ ಹೊರಡಿಸಿದ. ಆಗ ನಮ್ಮ ಕಲಬುರಗಿಯಲ್ಲಿ 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ನಡೆದಿತ್ತು, ದಖನಿನ ದಾರಿಗಳಲ್ಲಿ ಸೂಫಿಗಳು ಓಡಾಡುತ್ತಿದ್ದರು. ಆಳಂದದ ದರ್ಗಾದ ಹಸಿರಿನ ಬೇರು ಆ ದೊಡ್ಡ ಪರಂಪರೆಯಲ್ಲಿದೆ. ಆದರೆ ಆ ಹಸಿರಿಗೂ ನೀಲಿಬಾನಿಯ ಆಚೆ ಬೇರೆ ಆಸರೆ ಇರಲಿಲ್ಲ.

18ನೇ ಶತಮಾನದಿಂದ ರಸಾಯನ ವಿಜ್ಞಾನಿಗಳು ಹಸಿರಿನ ಬೆನ್ನು ಬಿದ್ದರು. ಸ್ವೀಡನ್ನಿನ ಷೀಲೆ 1775ರಲ್ಲಿ ತಾಮ್ರ, ಪಾಷಾಣ ಬೆರೆಸಿ ಹೊಳೆಯುವ ಹಸಿರು ಮಾಡಿದ. ಚೆಂದವೇನೋ ಇತ್ತು, ಆದರೆ ವಿಷ. 1860ರ ದಶಕದ ಆರಂಭದಲ್ಲಿ ಪ್ಯಾರಿಸ್ ಬಳಿ ಶೆರ್ಪಾಂ ಎಂಬ ಕಾರ್ಖಾನೆಯ ರಸಾಯನಕಾರ ನಿಲ್ಲದ ನೀಲಿಯೊಂದನ್ನು ನಿಲ್ಲಿಸಲು ಒದ್ದಾಡುತ್ತಿದ್ದ. ಛಾಯಾಚಿತ್ರ ತೆಗೆಯುವ ಗೆಳೆಯನೊಬ್ಬ, ನಾವು ಚಿತ್ರ ನಿಲ್ಲಿಸಲು ಹೈಪೋ ಬಳಸುತ್ತೇವಲ್ಲ, ನೀನೂ ಹಾಕಿ ನೋಡು ಎಂದನಂತೆ. ಹಾಕಿದರೆ ನೀಲಿ ನಿಲ್ಲಲಿಲ್ಲ, ಹಸಿರು ಹುಟ್ಟಿತು. ಗ್ಯಾಸ್ ದೀಪದ ಬೆಳಕಿನಲ್ಲೂ ಹಸಿರಾಗಿಯೇ ಕಾಣುತ್ತದೆಂದು ಅದು ಪ್ಯಾರಿಸ್ಸಿನ ರೇಷ್ಮೆ ಅಂಗಡಿಗಳಲ್ಲಿ ಮೆರೆಯಿತು. 1877ರಲ್ಲಿ ಜರ್ಮನಿಯ ಒಟ್ಟೋ ಫಿಷರ್ ಮಾಡಿದ ಮ್ಯಾಲಕೈಟ್ ಗ್ರೀನ್ ಇವೆಲ್ಲಕ್ಕಿಂತ ಅಗ್ಗ, ಕಣ್ಣು ಕೋರೈಸುವಂಥದು. ಆದರೆ ಹತ್ತಿಯ ಮೇಲೆ, ನಮ್ಮ ಬಿಸಿಲಲ್ಲಿ, ಇವು ಯಾವುವೂ ಬಾಳಲಿಲ್ಲ.

ಬಟ್ಟೆ ಅಂಗಡಿಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಇವತ್ತಿಗೂ ಬೆಲೆಗಿಂತ ಮೊದಲು ಕೇಳುವ ಮಾತು ಒಂದಿದೆ. “ಅಣ್ಣಾರ, ಈ ಹಸ್ರು ಬಣ್ಣ ಬಿಡ್ತದೇನ್ರಿ?” “ಇಲ್ರೀ ಅಕ್ಕಾರ, ಪಕ್ಕಾ ಬಣ್ಣ ಅದ, ತಗೋರಿ.” ಈ ಪಕ್ಕಾ ಎನ್ನುವ ಉತ್ತರದ ಹಿಂದೆ ಸ್ಕಾಟ್‌ಲೆಂಡಿನ ಜೇಮ್ಸ್ ಮಾರ್ಟನ್ ಎಂಬವನ ಹಟವೂ ಇದೆ. ಮಾರ್ಟನ್ ನೇಯ್ಗೆ ಕಾರ್ಖಾನೆಯ ಮನೆತನದವನು, 1867ರಲ್ಲಿ ಹುಟ್ಟಿದವನು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅವನು ಲಂಡನ್ನಿನ ಲಿಬರ್ಟಿ ಅಂಗಡಿಯ ಗಾಜಿನ ಕಿಟಕಿಯಲ್ಲಿ ತನ್ನದೇ ಕಾರ್ಖಾನೆಯ ಬಟ್ಟೆ ತೂಗುಬಿಟ್ಟಿದ್ದನ್ನು ಕಂಡ. ಬಣ್ಣ ಆಗಲೇ ಮಾಸಿಹೋಗಿತ್ತು. ವಿಚಾರಿಸಿದರೆ, ಕಿಟಕಿಯಲ್ಲಿಟ್ಟು ಇನ್ನೂ ವಾರವಾಗಿದೆಯಷ್ಟೆ ಎಂದರು. ಅವನಿಗೆ ಅದು ಅವಮಾನವಾಗಿ ಕಂಡಿತು. ಸಿಕ್ಕ ಸಿಕ್ಕ ಬಣ್ಣದ ಬಟ್ಟೆಯ ತುಂಡುಗಳನ್ನು ಗಾಜಿನ ಮನೆಯಲ್ಲಿ ಬಿಸಿಲಿಗಿಟ್ಟು, ಯಾವುದು ಸಾಯುತ್ತದೆ ಯಾವುದು ಬದುಕುತ್ತದೆ ಎಂದು ನೋಡುತ್ತ ಹೋದ. ಬಹಳಷ್ಟು ಸತ್ತವು. ಬದುಕಿದವನ್ನಷ್ಟೇ ಆರಿಸಿ ನೇಯ್ದು, ಮಾಸಿದರೆ ಬಟ್ಟೆ ಬದಲಿಸಿ ಕೊಡುತ್ತೇನೆಂದು ಖಾತರಿ ಕೊಟ್ಟು ಮಾರಿದ. ಬಟ್ಟೆ ವ್ಯಾಪಾರದಲ್ಲಿ ಅಂಥ ಮಾತು ಕೊಟ್ಟವರು ಆಗ ಅಪರೂಪ.

ಅವನಿಗೆ ನೆರವಾದದ್ದು ಜರ್ಮನಿಯ ರೆನೆ ಬೋನ್ 1901ರಲ್ಲಿ ಮಾಡಿದ ಹೊಸ ನೀಲಿ. ಇಂಡಾಂತ್ರೀನ್ ಎಂದು ಹೆಸರಾದ ಈ ನೀಲಿಯ ಗುಣ ನಮ್ಮ ಬಾನಿಯ ನೀಲಿಯದೇ. ಕ್ಷಾರದಲ್ಲಿ ಕರಗಿಸಿ ನೂಲಿಗಿಳಿಸಬೇಕು, ಗಾಳಿಯಲ್ಲಿ ಗಟ್ಟಿಯಾಗಬೇಕು. ಸಾವಿರಾರು ವರ್ಷ ಹಳ್ಳಿಯ ಬಣ್ಣಗಾರರು ನಂಬಿದ್ದ ತತ್ವವನ್ನೇ ವಿಜ್ಞಾನ ಮತ್ತೆ ಹಿಡಿಯಿತು. ಬೋನ್‌ನ ನೀಲಿ ಬಿಸಿಲಿಗೂ ಒಗೆತಕ್ಕೂ ಬಗ್ಗದ್ದು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ಬಣ್ಣ ಬರುವುದು ನಿಂತಾಗ, ಮಾರ್ಟನ್ ಕೈಕಟ್ಟಿ ಕೂರಲಿಲ್ಲ, ರಸಾಯನಕಾರರನ್ನು ಕೂಡಿಸಿಕೊಂಡು ತಾನೇ ಬಣ್ಣ ತಯಾರಿಸಲು ಇಳಿದ. ಯುದ್ಧ ಮುಗಿದ ಮೇಲೆ ಗ್ರೇಂಜ್‌ಮೌತ್ ಎಂಬ ಬಂದರು ಊರಿನಲ್ಲಿ ಅವನ ಸ್ಕಾಟಿಷ್ ಡೈಸ್ ಕಾರ್ಖಾನೆ ಎದ್ದಿತು.

ಅಲ್ಲಿ 1920ರಲ್ಲಿ ಆರ್ಥರ್ ಡೇವಿಸ್, ರಾಬರ್ಟ್ ಫ್ರೇಸರ್ ಥಾಮ್ಸನ್, ಜಾನ್ ಥಾಮಸ್ ಎಂಬ ಮೂವರು ಕಡುನೀಲಿ ಬಣ್ಣವೊಂದರ ಮೇಲೆ ಕೆಲಸ ಮಾಡುತ್ತಿದ್ದರು. ಆ ನೀಲಿಯ ಅಣುವಿಗೆ ಆಮ್ಲಜನಕ ಸೇರಿಸಿದಾಗ ಹಸಿರು ಸಿಕ್ಕಿತು, ಆದರೆ ಸ್ಥಿರವಾಗಿರಲಿಲ್ಲ. ಅವರು ಅಲ್ಲಿಗೆ ಬಿಡಲಿಲ್ಲ. ಸೇರಿಸಿದ ಆಮ್ಲಜನಕದ ತುದಿಗಳಿಗೆ ಮೀಥೈಲ್ ಗುಂಪುಗಳನ್ನು ಕೂಡಿಸಿದರು. ಚಂಚಲವಾಗಿದ್ದ ಬಣ್ಣ ಗಟ್ಟಿಯಾಗಿ ನಿಂತಿತು. ತುಸು ನೀಲಿ ಛಾಯೆಯ, ಅಪ್ಪಟ, ಹೊಳೆಯುವ ಹಸಿರು. ಕೆಲಿಡಾನ್ ಜೇಡ್ ಗ್ರೀನ್ ಎಂದು ಅದಕ್ಕೆ ಹೆಸರಿಟ್ಟರು. ಹತ್ತಿ ಬಟ್ಟೆಗೆ ಒಂದೇ ಬಾನಿಯಲ್ಲಿ ಅದ್ದಬಹುದಾದ, ಬಿಸಿಲಿಗೆ, ಸಾಬೂನಿಗೆ, ಬ್ಲೀಚಿಗೆ ಜಗ್ಗದ ಉಜ್ವಲ ಹಸಿರು ಮನುಷ್ಯನಿಗೆ ಸಿಕ್ಕಿದ್ದು ಹೀಗೆ. ಬಣ್ಣದ ಉದ್ಯಮದಲ್ಲಿ ವ್ಯಾಟ್ ಗ್ರೀನ್ 1 ಎಂಬ ಹೆಸರಿನಲ್ಲಿ ಅದು ಈಗಲೂ ನಡೆಯುತ್ತಿದೆ. ನನಗೆ ಇದರಲ್ಲಿ ಬಹಳ ಸೊಗಸೆನಿಸುವುದು ಅದರ ಬಾನಿ. ಈ ಹಸಿರು ಕ್ಷಾರದಲ್ಲಿ ಕರಗಿದಾಗ ನೀಲಿಯಾಗಿರುತ್ತದೆ, ಗಾಳಿಗೆ ಬಂದಮೇಲೆ ಹಸಿರಾಗುತ್ತದೆ. ನಮ್ಮ ನೀಲಿಬಾನಿಯಲ್ಲಿ ಹಸಿರು ಬಂದು ನೀಲಿಗೆ ಜಾಗ ಬಿಡುತ್ತಿತ್ತಲ್ಲ, ಅದರ ತಿರುವುಮುರುವು ಇದು.

ಬಣ್ಣವೇನೋ ಸಿಕ್ಕಿತು. ಅರ್ಥ ಸಿಗುವ ಕತೆ ಇನ್ನೂ ಬಿರುಸಿನದು, ಅದರಲ್ಲಿ ಕನ್ನಡಿಗರ ಪಾಲು ದೊಡ್ಡದು.

1921ರ ವಸಂತದಲ್ಲಿ ಬೆಜವಾಡದಲ್ಲಿ ಕಾಂಗ್ರೆಸ್ ಸಮಿತಿ ಸೇರಿದ್ದಾಗ ಆಂಧ್ರದ ಪಿಂಗಳಿ ವೆಂಕಯ್ಯನವರು ಕೆಂಪು, ಹಸಿರು ಎರಡು ಪಟ್ಟಿಯ ಬಾವುಟದ ನಮೂನೆಯನ್ನು ಗಾಂಧೀಜಿಯವರ ಮುಂದಿಟ್ಟರು. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ. ಉಳಿದೆಲ್ಲ ಧರ್ಮದವರಿಗೆ ಬಿಳಿ ಸೇರಲಿ, ನಡುವೆ ಚರಕ ಬರಲಿ ಎಂದರು ಗಾಂಧೀಜಿ. ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಬುಡದಲ್ಲಿ. ಸಂಖ್ಯೆಯಲ್ಲಿ ಚಿಕ್ಕವರಿಗೆ ಮೊದಲ ಸ್ಥಾನ, ದೊಡ್ಡವರು ಕೆಳಗೆ ನಿಂತು ಎತ್ತಿ ಹಿಡಿಯಲಿ ಎಂಬುದು ಅವರ ಭಾವ. ಭಾವ ದೊಡ್ಡದು. ಆದರೆ ಹಸಿರಿಗೆ ತಾಗಿಕೊಂಡೇ ಕೆಂಪು ಬಂದಿತ್ತು. ಬಣ್ಣದ ಮೈಗೆ ಬಣ್ಣ ತಾಗಬಾರದೆಂಬ ಲಾಂಛನದ ಹಳೆಯ ನಿಯಮ ಅಲ್ಲಿ ಮುರಿದಿತ್ತು. ಅದಕ್ಕಿಂತ ಆಳವಾದ ತೊಡಕು ಅರ್ಥದ್ದು. ಒಂದೊಂದು ಪಟ್ಟಿ ಒಂದೊಂದು ಸಮುದಾಯದ ಪಾಲೆಂದಮೇಲೆ, ನಮ್ಮ ಪಾಲೆಲ್ಲಿ ಎಂದು ಕೇಳುವವರು ಬಂದೇ ಬರುತ್ತಾರೆ.

ಆ ಬಾವುಟಕ್ಕಾಗಿ ಜೈಲು ಕಂಡವರಲ್ಲಿ ಹುಬ್ಬಳ್ಳಿಯವರು ಮುಂದಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ತಮ್ಮ ಸ್ವಯಂಸೇವಕರೊಡನೆ ಹೋದರು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯ ಓದಿ, ಅಮೆರಿಕದ ಮಿಚಿಗನ್‌ವರೆಗೂ ಹೋಗಿ ಬಂದವರು ಅವರು. ನಾಗಪುರದ ಜೈಲಿನಲ್ಲಿ ಕಷ್ಟ ತಡೆಯಲಾರದೆ ಹಲವರು ಕ್ಷಮೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯ ತಂಡ ಬಗ್ಗಲಿಲ್ಲ. ಆ ಶಿಸ್ತನ್ನು ಕಂಡೇ ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹರ್ಡೀಕರರ ಕೈಯಲ್ಲಿ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 8 ಗಂಟೆಗೆ ಊರೂರಲ್ಲಿ ಬಾವುಟ ಏರಿಸಿ ವಂದಿಸುವ ರೂಢಿಯನ್ನು ಬೆಳೆಸಿದ್ದು ಈ ದಳ.

1931ಕ್ಕೆ ಬಣ್ಣದ ತಕರಾರು ಬಲಿಯಿತು. ಸಿಖ್ಖರು ತಮ್ಮ ಬಣ್ಣ ಸೇರಬೇಕೆಂದರು. ಕರಾಚಿಯಲ್ಲಿ ಏಳು ಜನರ ಸಮಿತಿ ನೇಮಕವಾಯಿತು: ವಲ್ಲಭಭಾಯಿ ಪಟೇಲ್, ಜವಾಹರಲಾಲ್ ನೆಹರು, ಅಬುಲ್ ಕಲಾಂ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ, ಮತ್ತು ನಮ್ಮ ಹರ್ಡೀಕರ್. ಬಣ್ಣಗಳಿಗೆ ಸಮುದಾಯದ ಅರ್ಥ ಇರಕೂಡದೆಂದು ಸಮಿತಿ ನಿರ್ಧರಿಸಿತು. ಹಾಗೆ ನಿರ್ಧರಿಸಿ ಅದು ಶಿಫಾರಸು ಮಾಡಿದ್ದು ಇಡೀ ಕೇಸರಿ ಬಣ್ಣದ ಒಂದೇ ಹಾಸು, ಅದರ ಮೇಲ್ಮೂಲೆಯಲ್ಲಿ ಕಂದು ಬಣ್ಣದ ಚರಕ. ಹಸಿರು ಹೋಗಿತ್ತು, ಬಿಳಿಯೂ ಹೋಗಿತ್ತು. ಆ ಶಿಫಾರಸು ಒಪ್ಪಿಗೆಯಾಗಿದ್ದರೆ ಇಂದು ಈ ಬರಹವೇ ಇರುತ್ತಿರಲಿಲ್ಲ.

ಆಗಸ್ಟಿನಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಕೇಸರಿ ಮೇಲೆ, ಬಿಳಿ ನಡುವೆ, ಹಸಿರು ಕೆಳಗೆ, ಬಿಳಿಯ ಮೇಲೆ ಕಡುನೀಲಿ ಚರಕ ಎಂದು ಠರಾವು ಮಾಡಿತು. ಈ ಬಣ್ಣಗಳು ಯಾವ ಧರ್ಮವನ್ನೂ ಸೂಚಿಸುವುದಿಲ್ಲ, ಗುಣಗಳನ್ನು ಸೂಚಿಸುತ್ತವೆ ಎಂದು ಸ್ಪಷ್ಟಪಡಿಸಿತು. ಕೇಸರಿಗೆ ಧೈರ್ಯ ಮತ್ತು ತ್ಯಾಗ, ಬಿಳಿಗೆ ಸತ್ಯ ಮತ್ತು ಶಾಂತಿ, ಹಸಿರಿಗೆ ಶ್ರದ್ಧೆ. ಕೇಸರಿಗೂ ಹಸಿರಿಗೂ ನಡುವೆ ಬಿಳಿ ಬಂದು ನಿಂತದ್ದರಿಂದ ಲಾಂಛನದ ನಿಯಮವೂ ತಾನಾಗಿ ಪಾಲನೆಯಾಯಿತು. ಹತ್ತು ವರ್ಷದ ಹಿಂದಿನ ಬಾವುಟಕ್ಕಿಂತ ಇದು ದೂರಕ್ಕೆ ಚೊಕ್ಕಟವಾಗಿ ಕಾಣುವುದು ಅದಕ್ಕೇ.

ಅದರ ಮರು ತಿಂಗಳು, 1931ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೇರೊಂದು ಸಭೆ ಸೇರಿತ್ತು. ಬೆಳಕಿನ ಅಳತೆಯ ಅಂತರರಾಷ್ಟ್ರೀಯ ಆಯೋಗದ ಸಭೆ. ಡೇವಿಡ್ ರೈಟ್, ಜಾನ್ ಗಿಲ್ಡ್ ಎಂಬ ಇಬ್ಬರು ಜನರ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆಂದು ಬೇರೆಬೇರೆಯಾಗಿ ಪ್ರಯೋಗ ಮಾಡಿ ತೆಗೆದ ಲೆಕ್ಕದ ಆಧಾರದಲ್ಲಿ, ಯಾವ ಬಣ್ಣವನ್ನಾದರೂ ಅಂಕಿಗಳಲ್ಲಿ ಬರೆಯುವ ಪದ್ಧತಿಯನ್ನು ಆ ಸಭೆ ಅಂಗೀಕರಿಸಿತು. ಮುಂಬಯಿಯವರಿಗೆ ಕೇಂಬ್ರಿಜ್‌ನವರ ಸುದ್ದಿ ಇರಲಿಲ್ಲ, ಅವರಿಗೆ ಇವರದು ಗೊತ್ತಿರಲಿಲ್ಲ. ನಮ್ಮ ಹಸಿರು ನಿಶ್ಚಯವಾದ ಮರುತಿಂಗಳೇ ಅದನ್ನು ಅಳೆಯುವ ಕೋಲೂ ಸಿದ್ಧವಾಯಿತು.

1947ರ ಜುಲೈ 22ರಂದು ಸಂವಿಧಾನ ಸಭೆ ಗಾಢ ಕೇಸರಿ, ಬಿಳಿ, ಕಡುಹಸಿರು ಸಮಪಟ್ಟಿಗಳ ಬಾವುಟವನ್ನು ಒಪ್ಪಿತು. ಚರಕದ ಜಾಗಕ್ಕೆ ಅಶೋಕನ ಚಕ್ರ ಬಂದಿತು. ಅಂದು ಮಾತಾಡಿದ ಸರ್ವೆಪಲ್ಲಿ ರಾಧಾಕೃಷ್ಣನ್ ಹಸಿರಿಗೆ ಕೊಟ್ಟ ಅರ್ಥ ಹೊಸದು: ನಮಗೂ ಮಣ್ಣಿಗೂ ಇರುವ ನಂಟು, ಉಳಿದೆಲ್ಲ ಜೀವಗಳಿಗೆ ಆಧಾರವಾದ ಸಸ್ಯಲೋಕದ ಜೊತೆಗಿನ ನಂಟು. ಕುಬಸದ ಸೀರೆಗೆ ಹಸಿರನ್ನೇ ಆರಿಸಿದ ನಮ್ಮ ಅಜ್ಜಿಯರಿಗೆ ಈ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಮುದಾಯದ ಲೆಕ್ಕದಿಂದ ಗುಣದ ಲೆಕ್ಕಕ್ಕೆ, ಗುಣದ ಲೆಕ್ಕದಿಂದ ಹೊಲಕ್ಕೆ ಹಸಿರು ಬಂದು ಮುಟ್ಟಿತು. ಮೂರು ಅರ್ಥಗಳಲ್ಲಿ ಕೊನೆಯದೇ ಅತ್ಯಂತ ನಿಜವೆಂದು ನಾನು ನಂಬುತ್ತೇನೆ, ಏಕೆಂದರೆ ಅದನ್ನು ಯಾರ ಕೈಯಿಂದಲೂ ಕಿತ್ತು ಇನ್ನೊಬ್ಬರಿಗೆ ಕೊಡಲಾಗದು.

ಆದರೆ ಅದೇ ಆಗಸ್ಟ್ 15ರಂದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಈ ಬಾವುಟ ಏರಿಸುವುದು ಅಪರಾಧ. ಕಲಬುರಗಿ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದ್ದು. ಸಂಸ್ಥಾನದ ಬಾವುಟ ಹಳದಿ, ನಡುವೆ ಕುಲ್ಚಾ ಎಂದು ಜನ ಕರೆಯುವ ಬಿಳಿ ದುಂಡು. ಮೊದಲ ನಿಜಾಮನಿಗೆ ಸೂಫಿ ಸಂತನೊಬ್ಬ ಉಣ್ಣಲು ಕೊಟ್ಟ ಏಳು ಕುಲ್ಚಾ ರೊಟ್ಟಿಗಳ ಕತೆಯನ್ನು ಅದಕ್ಕೆ ಹೇಳುತ್ತಾರೆ. ಅಫಜಲಪುರದ ಎದುರು ಭೀಮೆಯ ಆಚೆ ದಂಡೆಯ ಇಂಡಿ, ಸಿಂದಗಿ ಕಡೆ ತ್ರಿವರ್ಣ, ಈಚೆ ದಂಡೆಯಲ್ಲಿ ಹಳದಿ. ಅಂದು ಹೈದರಾಬಾದಿನಲ್ಲಿ ತ್ರಿವರ್ಣ ಏರಿಸಿದ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದರು. ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿಗೆ ಗಡಿಯ ಊರುಗಳ ಎಷ್ಟೋ ಕುಟುಂಬಗಳು ಸೊಲ್ಲಾಪುರದ ಕಡೆ, ವಿಜಯಪುರದ ಕಡೆ ದಾಟಿ ಹೋದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು, 17ರಂದು ನಿಜಾಮ ಶರಣಾದ. ಹದಿಮೂರು ತಿಂಗಳು ತಡವಾಗಿ ಈ ಮೂರು ತಾಲ್ಲೂಕುಗಳಿಗೆ ಬಾವುಟದ ಹಸಿರು ಬಂದಿತು. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಪ್ರತಿವರ್ಷ ಬಾವುಟ ಏರುವುದು ಅದರ ನೆನಪಿಗೆ.

ಕಡುಹಸಿರು ಎಂದರೆ ಎಷ್ಟು ಕಡು? ಠರಾವಿನಲ್ಲಿ ಅದಿರಲಿಲ್ಲ. ಅದನ್ನು ಹೇಳಿದ್ದು ಭಾರತೀಯ ಮಾನಕ ಸಂಸ್ಥೆ. ದೇಶದ ಮಾನಕಗಳ ಪಟ್ಟಿಯಲ್ಲಿ ಮೊತ್ತಮೊದಲ ಸಂಖ್ಯೆ, ಐಎಸ್ 1, ಬಾವುಟಕ್ಕೇ ಮೀಸಲಾಯಿತು. 1951ರಲ್ಲಿ ಬಂದ ಆ ಮಾನಕ ನೂಲು, ನೇಯ್ಗೆ, ಹೊಲಿಗೆ, ಹಗ್ಗ ಎಲ್ಲಕ್ಕೂ ಕಟ್ಟಳೆ ಹಾಕಿತು. ಅದರಲ್ಲಿ ಕೇಂಬ್ರಿಜ್ ಪದ್ಧತಿಯ ಅಂಕಿಗಳಲ್ಲಿ ನಮ್ಮ ಹಸಿರಿನ ವಿಳಾಸವಿದೆ: 0.288, 0.395, ಹೊಳಪು 8.9. ಮೊದಲ ಎರಡು ಅಂಕಿ ಬಣ್ಣದ ನಕ್ಷೆಯ ಮೇಲೆ ಅದು ನಿಲ್ಲುವ ಜಾಗ. ಮೂರನೆಯದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂದಿರುಗುತ್ತದೆಂಬ ಲೆಕ್ಕ. ಬಿಳಿಗೆ ಅದು 72.6, ಕೇಸರಿಗೆ 21.5, ಹಸಿರಿಗೆ ಒಂಬತ್ತಕ್ಕೂ ಕಡಿಮೆ. ಮಳೆಗಾಲದ ಕೊನೆಯಲ್ಲಿ ತೊಗರಿಯ ಎಲೆ ಕಪ್ಪಿಟ್ಟು ನಿಲ್ಲುತ್ತದಲ್ಲ, ಆ ಬಗೆಯ ಗಾಢತನ. ಪೆತ್ರಾ ಸಾಂಕ್ತಾನ ಓರೆಗೆರೆಗಳು ಮಾಡಿದ ಕೆಲಸವನ್ನೇ ಈ ಅಂಕಿಗಳೂ ಮಾಡುತ್ತವೆ. ಕಾಗದದ ಮೇಲೆ ಹಸಿರೇ ಇಲ್ಲ, ಆದರೂ ಹಸಿರು ಇಂಥದೇ ಎಂದು ಯಾವ ಊರಿನ ಬಣ್ಣಗಾರನಿಗೂ ತಿಳಿಯುತ್ತದೆ.

ಈ ಅಂಕಿಗಳನ್ನು ಬಟ್ಟೆಗೆ ಇಳಿಸುವ ಕೆಲಸ ಮತ್ತೆ ಹುಬ್ಬಳ್ಳಿಗೇ ಬಂದಿತು. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿ ಕೇಂದ್ರ ಮಾನಕ ಸಂಸ್ಥೆಯ ಮುದ್ರೆ ಪಡೆದು ಬಾವುಟ ತಯಾರಿಸುತ್ತದೆ. ಬಾವುಟದ ಖಾದಿಗೆ ಧಾರವಾಡ ತಾಲ್ಲೂಕಿನ ಗರಗ ಹೆಸರುವಾಸಿ, ಬಾಗಲಕೋಟೆ ಕಡೆಯ ಮಗ್ಗಗಳಿಂದಲೂ ಬಟ್ಟೆ ಬರುತ್ತದೆ. ಬಂದ ಬಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಕೇಸರಿಗೆ, ಒಂದನ್ನು ಹಸಿರಿಗೆ ಅದ್ದಿಸಿ, ಒಂದನ್ನು ಬಿಳುಪು ಮಾಡಿಸುತ್ತಾರೆ. ಬಿಳಿಯ ಎರಡೂ ಮೈಗೆ ಚಕ್ರ ಅಚ್ಚೊತ್ತುತ್ತಾರೆ. 21 ಅಡಿ ಉದ್ದ 14 ಅಡಿ ಅಗಲದ ದೊಡ್ಡ ಬಾವುಟದಿಂದ ಹಿಡಿದು ಮೇಜಿನ ಮೇಲಿಡುವ 6 ಅಂಗುಲದ್ದರವರೆಗೆ ಒಂಬತ್ತು ಅಳತೆಗಳು. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. 2022ರ ಆಗಸ್ಟಿನಲ್ಲಿ ಮನೆಮನೆಗೂ ಬಾವುಟ ಬಂದಾಗ ನಮ್ಮ ಊರುಗಳ ಓಣಿಗಳಲ್ಲಿ ಹಸಿರು ಹತ್ತು ಬಗೆಯಾಗಿತ್ತು. ಒಂದು ಗಿಳಿಹಸಿರು, ಒಂದು ಪಾಚಿ, ಒಂದು ಹೆಚ್ಚುಕಡಿಮೆ ನೀಲಿ. ಜನ ಸಂಭ್ರಮದಿಂದ ಕಟ್ಟಿದರು, ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾರಿದ ಸರಕಿನಲ್ಲಿ. ಬೆಂಗೇರಿಯ ಹೆಣ್ಣುಮಕ್ಕಳ ಕೈಗೆ ಕೆಲಸ ಕಡಿಮೆ ಮಾಡಿ ತಂದ ಅಗ್ಗದ ಬಾವುಟದಲ್ಲಿ ಹಸಿರಾದರೂ ಸರಿಯಾಗಿರಬೇಕಿತ್ತು ಎಂದು ನನಗೆ ನೋವಾಯಿತು. ಗ್ರೇಂಜ್‌ಮೌತಿನ ಮೂವರ ದುಡಿಮೆ, ನಾಗಪುರದ ಜೈಲಿನಲ್ಲಿ ಹುಬ್ಬಳ್ಳಿಯವರ ಹಟ, ಭೀಮೆ ದಾಟಿ ಹೋದ ಕುಟುಂಬಗಳ ಕಷ್ಟ, ಎಲ್ಲವೂ ಈ ಒಂದು ಪಟ್ಟಿಯಲ್ಲಿದೆ. ಪಂಚಾಯತಿಯವರು ಮುಂದಿನ ಸಲ ಬಾವುಟ ಕೊಳ್ಳುವಾಗ ಖಾದಿಯದನ್ನೇ ಕೇಳಲಿ, ಮಾನಕದ ಮುದ್ರೆ ನೋಡಿ ತೆಗೆದುಕೊಳ್ಳಲಿ. ಮಾರುವವರು ಯಾವ ಬಟ್ಟೆಯದನ್ನೇ ಮಾರಲಿ, ಬಾವುಟದ ಚೀಲದ ಮೇಲೆ ಬೆಲೆಯ ಪಕ್ಕದಲ್ಲಿ ಆ ಮೂರು ಅಂಕಿಗಳನ್ನೂ ಅಚ್ಚು ಹಾಕಲಿ.